ಯಾರನ್ನು ನೋಡಿ ನಗುತ್ತೇವೆ?

ಹಾಸ್ಯಕ್ಕೆ ಲೆಕ್ಕ ಕೇಳಬಾರದು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ.

1921ರ ಮೂಕಿ ಚಿತ್ರ ‘ಎ ಸೇಲರ್ ಮೇಡ್ ಮ್ಯಾನ್’. ಹೆರಾಲ್ಡ್ ಲಾಯ್ಡ್ ಅದರಲ್ಲಿ ಸೋಮಾರಿ ಸಿರಿವಂತ. ದುಡಿದು ತೋರಿಸು ಎಂದು ಹುಡುಗಿಯ ತಂದೆ ಅಂದದ್ದಕ್ಕೆ ನೌಕಾಪಡೆ ಸೇರುತ್ತಾನೆ. ಅಲ್ಲಿಯವರೆಗೆ ನಗು ಅವನ ಮೈಗಳ್ಳತನದ ಮೇಲೆ. ಆಮೇಲೆ ಪೂರ್ವದೇಶದ ಊರೊಂದರಲ್ಲಿ ಮಹಾರಾಜನೊಬ್ಬ ಆ ಹುಡುಗಿಯನ್ನು ಅಪಹರಿಸುತ್ತಾನೆ. ಅವನಿಗೆ ಅರಮನೆ ಉಂಟು, ಜನಾನಾ ಉಂಟು, ಮನಸ್ಸೊಂದು ಇಲ್ಲ. ಈಗ ನಗು ಒಬ್ಬನ ಮೇಲಲ್ಲ, ಒಂದಿಡೀ ಜನದ ಮೇಲೆ. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ತಡೆದಿರುವುದು ಈ ಗೇಲಿಯನ್ನು, ನಗುವನ್ನಲ್ಲ.

ಬಾಳಗಡಿ, ಕೊಪ್ಪ ಕಡೆಯ ಯಕ್ಷಗಾನ ಪ್ರಿಯರು ಬಪ್ಪ ಬ್ಯಾರಿಯನ್ನು ಬಲ್ಲರು. ಅವನೂ ಕಡಲಿನವನೇ, ಸರಕಿನ ದೋಣಿಯ ವ್ಯಾಪಾರಿ. ಮುಲ್ಕಿಯ ಶಾಂಭವಿ ಹೊಳೆಯಲ್ಲಿ ದೋಣಿ ನಿಲ್ಲುತ್ತದೆ, ದೇವಿ ಕನಸಿಗೆ ಬರುತ್ತಾಳೆ, ಬ್ಯಾರಿ ಗುಡಿ ಕಟ್ಟಿಸುತ್ತಾನೆ ಎಂಬುದು ಐತಿಹ್ಯ. (ನಮ್ಮಲ್ಲಿ ಕೆಲವರಿಗೆ ಇದು ಕಸಿವಿಸಿ, ಆ ಚರ್ಚೆ ಬೇರೆ.) ರಂಗದಲ್ಲಿ ಅವನ ಮಾತಿಗೆ ಜನ ನಗುತ್ತಾರೆ, ನಗುತ್ತಲೇ ಅವನ ಸಂಕಟಕ್ಕೂ ಕಿವಿಗೊಡುತ್ತಾರೆ. ಕೀಳು ಅಣಕಕ್ಕಿಳಿಯುವ ವೇಷಧಾರಿಗಳೂ ಇಲ್ಲದಿಲ್ಲ. ಬಪ್ಪನಾಡಿನ ಜಾತ್ರೆಯಲ್ಲಿ ಮೊದಲ ಪ್ರಸಾದ ಅವನ ಮನೆತನಕ್ಕೆ ಸಲ್ಲುವ ಪದ್ಧತಿಯಿದೆ. 2022ರ ಮಾರ್ಚ್‌ನಲ್ಲಿ, ಅದೇ ಜಾತ್ರೆಯಿಂದ ಮುಸ್ಲಿಂ ವ್ಯಾಪಾರಿಗಳನ್ನು ದೂರವಿಡುವ ಫಲಕಗಳು ಕಾಣಿಸಿಕೊಂಡವು.