ಸ್ವ-ಇಚ್ಛೆ ಅನ್ನೋ ಕಾಲಂ

ಕೆಲವು ವರ್ಷದ ಹಿಂದೆ ನಾನಿದ್ದ ಪ್ರಾಜೆಕ್ಟಿನ ಕ್ಲೈಂಟ್ ಅಮೆರಿಕದ ಒಂದು ರಾಜ್ಯ ಸರ್ಕಾರ. ಮಕ್ಕಳ ಕಲ್ಯಾಣ ಇಲಾಖೆಯ ಹಳೇ ಡೇಟಾವನ್ನು ಹೊಸ ಸಿಸ್ಟಮಿಗೆ ಸಾಗಿಸೋ ಕೆಲಸ. ಮಗು ಸರ್ಕಾರದ ಕಸ್ಟಡಿಗೆ ಯಾಕೆ ಬಂತು ಅಂತ ಒಂದು ಕಾಲಂ. ಹೊಡೆತ, ನಿರ್ಲಕ್ಷ್ಯ, ತಂದೆ-ತಾಯಿ ಜೈಲಿನಲ್ಲಿ... ಇವುಗಳ ಸಾಲಿನಲ್ಲೇ 'ಮಗುವಿನ ಅಂಗವಿಕಲತೆ', 'ಮಗುವಿನ ವರ್ತನೆಯ ಸಮಸ್ಯೆ'. ಪಕ್ಕದ ಕಾಲಂನಲ್ಲಿ, ಬಂದ ರೀತಿ: ಸ್ವ-ಇಚ್ಛೆ.

ಡೇಟಾ ತಪ್ಪಿರಬೇಕು ಅಂದುಕೊಂಡೆ. ಮಗುವಿಗೆ ಕಾಯಿಲೆ ಅಂದರೆ ತಾಯಿ ಯಾಕೆ ಇಷ್ಟಪಟ್ಟು ಬಿಟ್ಟುಕೊಡ್ತಾಳೆ?

ತಪ್ಪಿರಲಿಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2003ರಲ್ಲಿ ಈ ಬಗ್ಗೆ ಒಂದು ವರದಿ ಕೊಟ್ಟಿತ್ತು. ಬರೀ ಮಾನಸಿಕ ಚಿಕಿತ್ಸೆ ಸಿಗಲಿ ಅಂತ 2001ನೇ ಹಣಕಾಸು ವರ್ಷದಲ್ಲಿ ಮಕ್ಕಳ ಕಲ್ಯಾಣ ಇಲಾಖೆಗೋ ಬಾಲನ್ಯಾಯ ವ್ಯವಸ್ಥೆಗೋ ಸೇರಿಸಿದ ಮಕ್ಕಳು 12,700ಕ್ಕೂ ಹೆಚ್ಚು. ಅದೂ 19 ರಾಜ್ಯಗಳ ಮತ್ತು 30 ಕೌಂಟಿಗಳ ಅಧಿಕಾರಿಗಳು ಕೊಟ್ಟ ಅಂದಾಜು ಮಾತ್ರ. ಉಳಿದ ಕಡೆಯ ಲೆಕ್ಕ ಇಲ್ಲ. ವಿಮೆ ಒಂದು ಮಿತಿಗೆ ನಿಲ್ಲುತ್ತೆ, ಹತ್ತಿರದಲ್ಲಿ ಸೇವೆ ಇರಲ್ಲ, ಶಾಲೆಯವರ ಕೈಲಾಗಲ್ಲ. ಆದರೆ ಮಗು ಸರ್ಕಾರದ್ದಾದರೆ ಖರ್ಚು ಸರ್ಕಾರದ್ದು. ಕೆಲವು ರಾಜ್ಯಗಳಲ್ಲಿ ಅದಕ್ಕಾಗಿ ತಂದೆ-ತಾಯಿ ಕಾನೂನಿನ ಕಸ್ಟಡಿಯನ್ನೇ ಬಿಟ್ಟುಕೊಡಬೇಕಿತ್ತು.

ಎಂಥಾ ದೇಶಪ್ಪಾ ಅಂತ ಟೀ ಬ್ರೇಕಿನಲ್ಲಿ ಬೈದುಕೊಂಡೆ. ಎರಡು ವರ್ಷದ ನಂತರ ಅದೇ ಪದದ ಕೆಳಗೆ ಸಾಕ್ಷಿ ಅಂತ ನಾನೇ ಸಹಿ ಮಾಡಿದೆ.

ನಮ್ಮೂರು ಗೋಕಾಕ ಕಡೆಯ ಮಮದಾಪುರ. ಅಕ್ಕನನ್ನ ಊರಲ್ಲೇ ಕೊಟ್ಟದ್ದು. ಅವಳ ಮಗನಿಗೆ ಈಗ ಒಂಬತ್ತು, ಮಾತಿಲ್ಲ. ಧಾರವಾಡದ ಡಿಮ್ಹಾನ್ಸಿನಲ್ಲಿ ತೋರಿಸಿದಾಗ ಆಟಿಸಂ, ಜೊತೆಗೆ ಬೌದ್ಧಿಕ ನ್ಯೂನತೆ ಅಂದರು. ವಾರ ವಾರ ತರಬೇತಿ ಬೇಕು ಅಂದರು. ಗೋಕಾಕ, ಯರಗಟ್ಟಿ, ಸವದತ್ತಿ ದಾಟಿ ಧಾರವಾಡ. ಬಸ್ಸಿನಲ್ಲಿ ಇವನು ಕಿರುಚಿಕೊಂಡರೆ ಎಲ್ಲರೂ ಅಕ್ಕನ ಮುಖ ನೋಡ್ತಾರೆ. ಹೋಗಿಬರೋಕೆ ಇಡೀ ದಿನ ಬೇಕು, ಆ ದಿನದ ಪಗಾರ ಹೋಯ್ತು. ಊರ ಶಾಲೆಯ ಹಾಜರಿಯಲ್ಲಿ ಅವನ ಹೆಸರಿದೆ. ಇಂಥ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು ಊರೂರು ಸುತ್ತಬೇಕು, ಇವನ ಪಾಳಿ ಬಂದಾಗ ಬರ್ತಾರೆ. ಅವರನ್ನ ದೂರಲಾರೆ.

ಕೊನೆಗೆ ಬೇರೆ ಜಿಲ್ಲೆಯ ಒಂದು ವಸತಿ ಶಾಲೆ. ಫಾರ್ಮಿನಲ್ಲಿ ಅಚ್ಚಾಗಿತ್ತು: 'ನನ್ನ ಸ್ವ-ಇಚ್ಛೆಯಿಂದ ಸೇರಿಸುತ್ತಿದ್ದೇನೆ.' ಅಕ್ಕ ಓದಿಸಿ ಕೇಳಿದಳು. "ಇಚ್ಛಾ ಯಾರದೊ ತಮ್ಮಾ?" ಅಂದಳು. ಆಮೇಲೆ ಸಹಿ ಮಾಡಿದಳು.

ನಮ್ಮ ಕಾನೂನು ಅಮೆರಿಕದಷ್ಟು ಕಟುವಲ್ಲ. ಇಲ್ಲಿ ಹಾಸ್ಟೆಲಿಗೆ ಸೇರಿಸಿದರೆ ತಾಯಿ ತಾಯಿಯಾಗೇ ಉಳಿತಾಳೆ. ಮಗುವನ್ನ ಪೂರ್ತಿ ಒಪ್ಪಿಸೋದೇ ಬೇರೆ. ಅದಕ್ಕೆ 2015ರ ಬಾಲನ್ಯಾಯ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗಬೇಕು, ಮರುಯೋಚನೆಗೆ ಎರಡು ತಿಂಗಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೂ ಶೇ. 40ಕ್ಕಿಂತ ಕಡಿಮೆ ಇಲ್ಲದ ಅಂಗವಿಕಲತೆಯ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆ ಅಥವಾ ವಿಶೇಷ ಶಾಲೆ, ಆಯ್ಕೆ ನಿನ್ನದು, ಶುಲ್ಕವಿಲ್ಲ ಅನ್ನುತ್ತೆ. ಆಯ್ಕೆ! ಡ್ರಾಪ್‌ಡೌನ್‌ನಲ್ಲಿ ಒಂದೇ ಆಪ್ಷನ್ ಇಟ್ಟು 'ದಯವಿಟ್ಟು ಆರಿಸಿ' ಅಂದರೆ ನಮ್ಮ ಟೆಸ್ಟರ್ ಕೂಡ ಡಿಫೆಕ್ಟ್ ಹಾಕ್ತಾಳೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿದೆ. ಮಗುವನ್ನ ಮಾನಸಿಕ ಆಸ್ಪತ್ರೆಗೆ ಸೇರಿಸಿದರೆ, ಇರುವಷ್ಟು ದಿನವೂ ಪೋಷಕರೋ ಅವರು ಗೊತ್ತುಮಾಡಿದವರೋ ಜೊತೆಗಿರಲೇಬೇಕು. ಹತ್ತು ದಿನದ ಆಸ್ಪತ್ರೆಗೆ ಈ ಬುದ್ಧಿ ಹೊಳೆದಿದೆ, ಹತ್ತು ವರ್ಷದ ಹಾಸ್ಟೆಲಿಗೆ ಯಾಕೆ ಹೊಳೆಯಲಿಲ್ಲ?

ಊರಿನ ಮಾತು ಕೇಳಿ. "ಹೆತ್ತ ಮಗನ್ನ ಬಿಟ್ಟ ಬಂದಾಳ, ಹೆಂಗ ಮನಸ ಬಂತೋ." ಇದೇ ಊರು ನಾನು ಆರನೇ ಇಯತ್ತೆಗೆ ನವೋದಯಕ್ಕೆ ಹೋದಾಗ ಪೇಢೆ ಹಂಚಿತ್ತು. ಹತ್ತು ವರ್ಷದ ಹುಡುಗನನ್ನ ಟ್ರಂಕಿನ ಸಮೇತ ಬಿಟ್ಟು ಬಂದ ಅವ್ವನಿಗೆ ಯಾರೂ ಏನೂ ಅನ್ನಲಿಲ್ಲ. ನನ್ನದು 'ಹಾಸ್ಟೆಲಿಗೆ ಹಾಕೋದು', ಅಕ್ಕನದು 'ಬಿಟ್ಟು ಬರೋದು'.

ಆದರೆ ಎರಡೂ ಒಂದೇ ಅಂತ ವಾದ ಮಾಡಲಾರೆ. ನನಗೆ ಜ್ವರ ಬಂದರೆ ವಾರ್ಡನ್‌ಗೆ ಹೇಳ್ತಿದ್ದೆ, ಹೊಡೆದರೆ ಅವ್ವನಿಗೆ ಪತ್ರ ಬರೀತಿದ್ದೆ. ಅವನಿಗೆ ಹೇಳೋಕೆ ಬರಲ್ಲ. ಹೇಳಲಾಗದ ಮಗುವಿನ ಪರ ತಾಯಿಯ ಕಣ್ಣು ಹೇಳುತ್ತೆ, ಆ ಕಣ್ಣನ್ನೇ ನಾವು ತಿಂಗಳಿಗೊಂದು ಭಾನುವಾರಕ್ಕೆ ಇಳಿಸಿದ್ದೀವಿ. ಹಾಗಂತ ಅಲ್ಲಿ ಕೆಟ್ಟದ್ದಾಗಿದೆ ಅಂತಲ್ಲ. ಅವ ಈಗ ತನ್ನ ಕೈಯಾರೆ ಉಣ್ತಾನೆ. ಮನೆಯಲ್ಲಿ ಐದು ವರ್ಷ ಆಗದ್ದು ಅಲ್ಲಿ ಆರು ತಿಂಗಳಲ್ಲಿ ಆಯ್ತು. ಅಕ್ಕ ಅದನ್ನ ಹೇಳಿ ನಗ್ತಾಳೆ, ಆಮೇಲೆ ಸುಮ್ಮನಾಗ್ತಾಳೆ.

ಸರ್ಕಾರವನ್ನ ಬೈಯೋದು ನನಗೆ ಸಲೀಸು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದುಹೋಗೋ ದೂರದಲ್ಲಿ ಎರಡು ಥೆರಪಿ ಸೆಂಟರ್ ಇವೆ. ಫಾರ್ಮ್ ತುಂಬೋ ಮುಂಚೆ ಅಕ್ಕ ಒಂದೇ ಸಲ ಕೇಳಿದ್ದಳು, "ನಿನ್ನ ಕಡೆ ಇಟಗೋತಿಯೇನೊ ತಮ್ಮಾ?" ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಎರಡು ರೂಮಿನ ಮನೆ, ನೋಡಿಕೊಳ್ಳೋರಿಲ್ಲ ಅಂದೆ. ಎಲ್ಲಾ ನಿಜವೇ. ಅವಳ ಡ್ರಾಪ್‌ಡೌನ್‌ನಿಂದ ಒಂದು ಆಪ್ಷನ್ ಅಳಿಸಿದ್ದು ನಾನು.

ಭಾನುವಾರ ಅಕ್ಕ ಹಾಸ್ಟೆಲಿಗೆ ಫೋನ್ ಮಾಡ್ತಾಳೆ. ಆಯಾ ಫೋನನ್ನ ಅವನ ಕಿವಿಗೆ ಹಿಡೀತಾರೆ. ಅವನು ಮಾತಾಡಲ್ಲ, ಊಂ ಅಂತ ಗುನುಗ್ತಾನೆ. ಗುನುಗು ಮೇಲೆ ಹೋದರೆ ಉಂಡಾನ, ಕೆಳಗಿದ್ದರೆ ಹಸಿದಾನ ಅಂತ ಅಕ್ಕನ ಲೆಕ್ಕ. ಕಬ್ಬಿನ ಹಂಗಾಮು ಮುಗಿದ ಮ್ಯಾಲೆ ಕರಕೊಂಡ ಬರ್ತೀನಿ ಅಂತ ಹೋದ ವಾರ ಹೇಳಿದಳು. ಬಂದ ಮ್ಯಾಲೆ ಏನು ಅಂತ ನಾನು ಕೇಳಲಿಲ್ಲ.