ಬೆಟ್ಟದ ದರ್ಶನ, ಸುರಂಗದ ಋಣ

ನೆಲದಡಿ ಹರಿಯುವ ನಾಲೆಯ ಸುರಂಗ, ಕೆಲಸ ನಿಂತ ಕಲ್ಲುಕೋರೆ, ಮುಚ್ಚಿದ ಗಣಿ ಮುಂತಾಗಿ ಯಾರೂ ನೋಡತಕ್ಕದ್ದೆಂದು ಎಣಿಸದ ಸ್ಥಳಗಳಿಗೆ ಗುಂಪುಕಟ್ಟಿಕೊಂಡು ನಡೆದುಹೋಗುವ ರೂಢಿ ಹಲವು ದೇಶಗಳಲ್ಲಿ ಬೆಳೆದಿದ್ದು, ಕರ್ನಾಟಕದಲ್ಲಿಯೂ ಬೀದರಿನ ಸುರಂಗಬಾವಿಯನ್ನು, ಅಂದರೆ ಬಹಮನಿ ಸುಲ್ತಾನರ ಕಾಲದಲ್ಲಿ ಅಂತರ್ಜಲವನ್ನು ಇಳಿಜಾರಿನಲ್ಲಿ ಊರಿಗೆ ಹರಿಸಲು ಕೊರೆದ ನೆಲದಡಿಯ ಕಾಲುವೆಯನ್ನು, ಕಾಣಲು ಇತಿಹಾಸಾಸಕ್ತರು ಹೋಗುತ್ತಾರೆ. ಇದನ್ನು ಪ್ರವಾಸದ ಹೊಸ ಬಗೆಯೆಂದು ಕರೆದು ಸುಮ್ಮನಾಗಬಹುದಾದರೂ, ಗುಂಪಾಗಿ ನಡೆಯುವುದನ್ನೇ ಯಾತ್ರೆಯೆಂಬ ಧರ್ಮಕಾರ್ಯವಾಗಿ ರೂಪಿಸಿದ ಸಮಾಜದಲ್ಲಿ ಬೇರೊಂದು ಪ್ರಶ್ನೆ ತಾನಾಗಿ ಎದುರಾಗುತ್ತದೆ: ಮನುಷ್ಯರು ಅಗೆದು, ಒಡೆದು, ಬಳಸಿಬಿಟ್ಟ ನೆಲದ ಮುಂದೆ ನಿಲ್ಲುವುದು ದರ್ಶನವಾದೀತೆ?

ಈ ಪ್ರಶ್ನೆಗೆ ಗುಂಡ್ಲುಪೇಟೆ ತಾಲ್ಲೂಕಿಗಿಂತ ತಕ್ಕ ನೆಲೆ ದೊರೆಯುವುದು ಕಷ್ಟ. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರದಲ್ಲಿ, ವರ್ಷದ ಬಹುಕಾಲ ಮಂಜು ಮುಸುಕುವ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಹೊಯ್ಸಳ ಬಲ್ಲಾಳನ ಕಾಲದಲ್ಲಿ, 1315ರಲ್ಲಿ, ಕಟ್ಟಿಸಿದುದೆಂದು ಹೇಳಲಾಗುವ ವೇಣುಗೋಪಾಲನ ಗುಡಿಯಿದೆ. ಅಲ್ಲಿಯ ಹಂಸತೀರ್ಥದಲ್ಲಿ ಮಿಂದ ಕಾಗೆಗಳು ಹಂಸಗಳಾದವೆಂಬ ಸ್ಥಳಪುರಾಣವಿದೆ. ಬಂಡೀಪುರದ ಕಾಡನ್ನು ಮೈಸೂರು ಅರಸರು 1941ರಲ್ಲಿ ದೊಡ್ಡ ವನ್ಯಜೀವಿಧಾಮವಾಗಿ ವಿಸ್ತರಿಸಿದಾಗ ಅದಕ್ಕೆ ಈ ದೇವರ ಹೆಸರನ್ನೇ ಇಟ್ಟರು. ಈಗ ಖಾಸಗಿ ವಾಹನಗಳು ಬೆಟ್ಟದ ಬುಡದ ತಪಾಸಣಾ ಠಾಣೆಯಲ್ಲಿಯೇ ನಿಲ್ಲಬೇಕು. ಅಲ್ಲಿಂದ ಭಕ್ತರನ್ನು ಸಾರಿಗೆ ಸಂಸ್ಥೆಯ ಬಸ್ಸು ಮೇಲಕ್ಕೆ ಒಯ್ಯುತ್ತದೆ. ಇದೇ ತಾಲ್ಲೂಕಿನ ಮಡಹಳ್ಳಿಯ ಬಳಿ ಗುಮ್ಮಕಲ್ಲು ಗುಡ್ಡವೂ ಇದೆ. ಅಲ್ಲಿಯ ಬಿಳಿಕಲ್ಲಿನ ಕ್ವಾರಿಯಲ್ಲಿ 2022ರ ಮಾರ್ಚ್ ತಿಂಗಳಲ್ಲಿ ಬಂಡೆಗಳು ಕುಸಿದು ಕಾರ್ಮಿಕರು ಸತ್ತರು. ಒಂದು ಗುಡ್ಡದ ಕಲ್ಲು ದೇವರ ಮನೆಯಾಯಿತು, ಇನ್ನೊಂದರ ಕಲ್ಲು ಸರಕಾಯಿತು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಗುಡಿಯ ಕಲ್ಲನ್ನೂ ಯಾರೋ ಎಲ್ಲಿಂದಲೋ ಸೀಳಿ ತೆಗೆದಿರಲೇಬೇಕು.

ವೈಷ್ಣವ ಚಿಂತನೆಯೊಳಗೆ ಈ ಪ್ರಶ್ನೆಗೆ ಒಂದು ಉತ್ತರ ಸಿದ್ಧವಾಗಿರುವಂತೆ ತೋರುತ್ತದೆ. ಪಾಂಚರಾತ್ರ ಆಗಮಗಳು ಭಗವಂತನಿಗೆ ಐದು ನೆಲೆಗಳನ್ನು ಹೇಳುತ್ತವೆ. ಅವುಗಳಲ್ಲಿ ಒಂದು ಅಂತರ್ಯಾಮಿ, ಅಂದರೆ ಎಲ್ಲ ಚೇತನಾಚೇತನಗಳ ಒಳಗಿದ್ದು ಅವುಗಳನ್ನು ನಡೆಸುವ ರೂಪ. ಇನ್ನೊಂದು ಅರ್ಚೆ, ಅಂದರೆ ಭಕ್ತನ ಕಣ್ಣಿಗೂ ಕೈಗೂ ಸಿಗುವಂತೆ ವಿಗ್ರಹದಲ್ಲಿ ನೆಲೆಗೊಳ್ಳುವ ರೂಪ. ಹೊಯ್ಸಳ ನಾಡಿನ ತೊಣ್ಣೂರು ಮತ್ತು ಮೇಲುಕೋಟೆಗಳಲ್ಲಿ ನೆಲೆಸಿದ್ದ ರಾಮಾನುಜರ ದರ್ಶನದಲ್ಲಿ ಜಗತ್ತೆಲ್ಲವೂ ಈಶ್ವರನ ಶರೀರವಾದುದರಿಂದ, ಕ್ವಾರಿಯ ಗೋಡೆಯೂ ಸುರಂಗದ ಕತ್ತಲೆಯೂ ಅದರ ಹೊರಗೆ ಉಳಿಯಲಾರವು. ಆದುದರಿಂದ ಅಲ್ಲಿಗೆ ನಡೆಯುವುದೂ ಯಾತ್ರೆಯೇ ಎಂದು ವಾದಿಸಬಹುದು. ಈ ವಾದ ಆಕರ್ಷಕ, ಆದರೆ ಅತಿ ಅಗ್ಗ. ಎಲ್ಲೆಡೆ ಇರುವವನು ಒಂದು ಬೆಟ್ಟಕ್ಕೆ ಇಳಿದುಬಂದನೆಂಬುದೇ ಅರ್ಚೆಯ ತಿರುಳಾಗಿರುವಾಗ, ಎಲ್ಲ ಸ್ಥಳಗಳೂ ಸಮಾನವಾಗಿ ಪವಿತ್ರವೆಂದರೆ ಆ ಇಳಿದುಬಂದ ಕೃಪೆಗೆ ಅರ್ಥವುಳಿಯುವುದಿಲ್ಲ. ಮೇಲಾಗಿ, ಕ್ವಾರಿಯನ್ನು ಕ್ಷೇತ್ರವಾಗಿಸಿದೊಡನೆ ಅದನ್ನು ಅಗೆದವರು ಕಥೆಯಿಂದ ಹೊರಬೀಳುತ್ತಾರೆ.

ಹೆಚ್ಚು ಪ್ರಾಮಾಣಿಕವಾದ ದಾರಿ ಋಣದ ವಿಚಾರದಲ್ಲಿದೆ. ಮನುಷ್ಯನು ದೇವ, ಋಷಿ, ಪಿತೃಗಳಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆಂಬ ಮೂರು ಋಣಗಳ ಮಾತು ಪ್ರಸಿದ್ಧ. ಶತಪಥ ಬ್ರಾಹ್ಮಣವು ಇದಕ್ಕೆ ನಾಲ್ಕನೆಯದನ್ನು, ಮನುಷ್ಯಋಣವನ್ನು, ಸೇರಿಸುತ್ತದೆಂಬುದು ಅಷ್ಟಾಗಿ ಪ್ರಚಾರ ಪಡೆದಿಲ್ಲ. ಮಂಡ್ಯ ಜಿಲ್ಲೆಯ ಹುಲಿಕೆರೆ ಸುರಂಗವನ್ನು ಈ ಬೆಳಕಿನಲ್ಲಿ ನೋಡಬೇಕು. ಕೃಷ್ಣರಾಜಸಾಗರದ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಒಯ್ಯುವ, ಮೊದಲು ಇರ್ವಿನ್ ನಾಲೆಯೆಂದೂ ಈಗ ವಿಶ್ವೇಶ್ವರಯ್ಯ ನಾಲೆಯೆಂದೂ ಕರೆಯಲಾಗುವ ಕಾಲುವೆಗೆ ಅಡ್ಡ ಬಂದ ದಿಣ್ಣೆಯನ್ನು ಸುಮಾರು 2.8 ಕಿಲೋಮೀಟರ್ ಉದ್ದಕ್ಕೆ ಕೊರೆದು ಈ ಸುರಂಗವನ್ನು ಮಾಡಲಾಯಿತು. ಅಲ್ಲಿಂದ ಮುಂದಿನ ಗದ್ದೆಯ ಭತ್ತವನ್ನೂ ಕಬ್ಬಿನ ಬೆಲ್ಲವನ್ನೂ ಉಂಡವರೆಲ್ಲರೂ ಆ ಕತ್ತಲೆಯಲ್ಲಿ ಕಲ್ಲು ಒಡೆದವರಿಗೆ ಸಾಲಗಾರರು. ನಾಲೆಗೆ ವೈಸರಾಯನ ಹೆಸರು ಬಂತು, ಆಮೇಲೆ ದಿವಾನರ ಹೆಸರು ಬಂತು. ಒಡೆದವರ ಹೆಸರು ಬರಲಿಲ್ಲ. ಇದು ವಸಾಹತುಕಾಲದ ದೋಷ ಮಾತ್ರವಲ್ಲ. ಸೋಮನಾಥಪುರದ ಶಿಲ್ಪಗಳ ಕೆಳಗೆ ಮಲ್ಲಿತಮ್ಮನ ಹೆಸರೂ ಬೇಲೂರಿನಲ್ಲಿ ದಾಸೋಜ, ಚಾವಣರ ಹೆಸರುಗಳೂ ಉಳಿದಿದ್ದರೆ, ಅವರ ಉಳಿಗೆ ಕಲ್ಲನ್ನು ಒದಗಿಸಿದ ಬಂಡೆಗಾರರಿಗೆ ಹೊಯ್ಸಳ ಕಾಲದಲ್ಲಿಯೂ ಆ ಭಾಗ್ಯವಿರಲಿಲ್ಲ. ದುಡಿದವರ ನೆನಪು ಉಳಿದಿರುವ ಕಡೆಯೂ ಇದೆ: ಇಂಗ್ಲೆಂಡಿನಲ್ಲಿ 1811ರಲ್ಲಿ ತೆರೆದ ಸ್ಟ್ಯಾಂಡೆಜ್ ನಾಲೆಯ ಸುರಂಗದಲ್ಲಿ ಎಳೆಯುವ ಕುದುರೆಗೆ ದಾರಿಯಿಲ್ಲದೆ, ದೋಣಿಯವರು ಅಂಗಾತ ಮಲಗಿ ಗೋಡೆಯನ್ನು ಕಾಲಿನಿಂದ ಒದೆಯುತ್ತ ಸುಮಾರು 5 ಕಿಲೋಮೀಟರ್ ದೋಣಿ ಸಾಗಿಸುತ್ತಿದ್ದರು. ಇಂದು ಅದನ್ನು ನೋಡಬರುವವರಿಗೆ ಹೇಳುವ ಸಂಗತಿಗಳಲ್ಲಿ ಇದೇ ಬಹುಶಃ ಅತಿ ಮುಖ್ಯವಾದುದು.

ನಡಿಗೆ ಗುಂಪಿನಲ್ಲಿಯೇ ಏಕೆ ಆಗಬೇಕೆಂಬುದಕ್ಕೂ ಋಣದ ವಿಚಾರವೇ ಕಾರಣ ಕೊಡುತ್ತದೆ: ದರ್ಶನವನ್ನು ಒಬ್ಬನೇ ಪಡೆಯಬಹುದು, ಆದರೆ ಸಾಲವನ್ನು ಸಾಕ್ಷಿಗಳ ಮುಂದೆ ಒಪ್ಪಿಕೊಳ್ಳುವುದು ಲೋಕದ ರೀತಿ, ಅದರಲ್ಲಿಯೂ ಸಾಲ ಇಡೀ ಊರಿನದಾಗಿರುವಾಗ. ಆದರೆ ನಿಂತುಹೋದ ಗಣಿಗೂ ನಡೆಯುತ್ತಿರುವ ಕ್ವಾರಿಗೂ ನಡುವಿನ ಗೆರೆಯನ್ನು ಇಂತಹ ನಡಿಗೆಗಳು ಮರೆಯಬಾರದು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಮಣ್ಣಿನ ದಿಬ್ಬಗಳ ಮುಂದೆ ನಿಂತು ಹಿಂದಿನವರನ್ನು ನೆನೆಯಬಹುದು. ಚಾಮರಾಜನಗರದ ಕರಿಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಿರುವವನನ್ನು ಅಂಚಿನಲ್ಲಿ ನಿಂತು ನೋಡುವುದು ಮಾತ್ರ ಅವನ ದುಡಿಮೆಯನ್ನು ನೋಟದ ವಸ್ತುವಾಗಿಸಿದಂತೆಯೇ.

ಶತಪಥವು ಈ ನಾಲ್ಕನೆಯ ಋಣದ ಬಗ್ಗೆ ಇನ್ನೂ ಒಂದು ಮಾತು ಹೇಳುತ್ತದೆ, ಮತ್ತು ಅದು ನಡಿಗೆಯ ಉತ್ಸಾಹಿಗಳಿಗೆ ಅಷ್ಟು ಹಿತವಾದುದಲ್ಲ. ದೇವಋಣ ಯಜ್ಞದಿಂದ, ಋಷಿಋಣ ಅಧ್ಯಯನದಿಂದ, ಪಿತೃಋಣ ಸಂತಾನದಿಂದ ತೀರುವಂತೆ, ಮನುಷ್ಯಋಣವು ಮನುಷ್ಯರಿಗೆ ತಂಗಲು ನೆಲೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ತೀರುತ್ತದೆ. ನೋಡುವುದರಿಂದಾಗಲಿ ನೆನೆಯುವುದರಿಂದಾಗಲಿ ತೀರುತ್ತದೆಂದು ಅದು ಹೇಳುವುದಿಲ್ಲ. ಹಾಗಾಗಿ ಹುಲಿಕೆರೆಯ ಸುರಂಗದ ಬಾಯಿಗೆ ನಡೆದವರು ಸಾಲದ ಮೊತ್ತವನ್ನು ಓದಿಕೊಂಡಂತಾಯಿತೇ ಹೊರತು ಅಸಲಿನಲ್ಲಿ ಒಂದು ಕಾಸೂ ಇಳಿಯಲಿಲ್ಲ; ಅದು ಇಳಿಯಬೇಕಾದ ಜಾಗ ಇಂದು ಕಲ್ಲು ಒಡೆಯುತ್ತಿರುವವರ ಕೂಲಿಯಲ್ಲಿ, ಅವರ ತಗಡಿನ ಶೆಡ್ಡುಗಳಲ್ಲಿ, ಬಂಡೆ ಕುಸಿಯದಂತೆ ಕ್ವಾರಿಯ ಗೋಡೆಯನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿಯಬೇಕೆಂಬ ನಿಯಮದ ಪಾಲನೆಯಲ್ಲಿ ಇದೆ.