ಎಲಿವೇಷನ್ನಿನ ಚೆಲುವು, ಕಾಯಕದ ನೆಲೆ

ದಾವಣಗೆರೆಯಂಥ ವ್ಯಾಪಾರದ ಊರಿನಲ್ಲಿ ಕಚೇರಿಯ ಕಟ್ಟಡವನ್ನು ದಾರಿಹೋಕರು ನಿಂತು ನೋಡುವಷ್ಟು ಆಕರ್ಷಕವಾಗಿ ಕಟ್ಟುವುದು ಧರ್ಮದ ದೃಷ್ಟಿಯಿಂದ ಒಪ್ಪುವಂಥದೇ ಎಂಬ ಪ್ರಶ್ನೆ ಇಂದು ಹೆಚ್ಚಾಗಿ ಕೇಳಿಬರುವುದಿಲ್ಲ. ಗುದ್ದಲಿ ಪೂಜೆ, ವಾಸ್ತುಶಾಂತಿಗಳು ಮುಗಿದರೆ ಧರ್ಮದ ಪಾಲು ಸಂದಾಯವಾಯಿತೆಂದು ಕಟ್ಟಿಸುವವರು ಭಾವಿಸುತ್ತಾರೆ. ಆದರೆ ಈ ಸೀಮೆಗೆ ಆ ಪ್ರಶ್ನೆಯ ಎರಡು ಉತ್ತರಗಳು ಪರಂಪರೆಯಿಂದಲೇ ಬಂದಿವೆ, ಮತ್ತು ಎರಡನ್ನೂ ಕೊಟ್ಟವರು ರಾಜ್ಯದ ಆಡಳಿತದಲ್ಲಿ ದುಡಿದ ಅಧಿಕಾರಿಗಳೇ.

ಮೊದಲನೆಯವರು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅರಸ ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣ. ಕದಲದೆ ನಿಂತಿರುವ ಗುಡಿಯಂಥ ಸ್ಥಾವರಕ್ಕಿಂತ ಚಲಿಸುವ, ಉಸಿರಾಡುವ ಜಂಗಮವೇ ಮೇಲೆಂದು ಸಾರಿದವರು ಹಣಕಾಸಿನ ಲೆಕ್ಕ ಬಲ್ಲವರಾಗಿದ್ದರು ಎಂಬುದನ್ನು ಮರೆಯಬಾರದು. ಎರಡನೆಯವನು ಹೊಯ್ಸಳ ಇಮ್ಮಡಿ ನರಸಿಂಹನ ಅಧಿಕಾರಿ ಪೋಲಾಳ್ವ. ಬಸವಣ್ಣನವರ ಕಾಲ ಮುಗಿದು ಐದಾರು ದಶಕಗಳಾದ ಮೇಲೆ, 1224ರ ಸುಮಾರಿಗೆ, ತುಂಗಭದ್ರೆಯ ದಡದ ಹರಿಹರದಲ್ಲಿ ಶಿವ ಮತ್ತು ವಿಷ್ಣು ಇಬ್ಬರೂ ಒಂದೇ ಮೂರ್ತಿಯಲ್ಲಿ ಬೆರೆತ ಹರಿಹರೇಶ್ವರನಿಗೆ ಅವನು ದೇಗುಲವನ್ನು ಕಟ್ಟಿಸಿದನು.

ಬಸವಣ್ಣ ಮತ್ತು ಅವರ ಸಂಗಡಿಗರಾದ ಶರಣರು ಕಟ್ಟಡವನ್ನೇ ನಿರಾಕರಿಸಿದರೆಂದು ಓದುವುದು ರೂಢಿಯಾಗಿದ್ದರೂ ಆ ಓದು ಅರೆಬರೆಯದು. ಅವರ ಆಕ್ಷೇಪವಿದ್ದದ್ದು ಸಂಪತ್ತನ್ನು ಕಲ್ಲಾಗಿಸಿ ಪುಣ್ಯವನ್ನೂ ಹೆಸರನ್ನೂ ಕೊಳ್ಳಬಹುದೆಂಬ ಉಳ್ಳವರ ನಂಬಿಕೆಗೆ. ಅದು ಗೋಪುರಕ್ಕೆ ಅನ್ವಯಿಸುವಷ್ಟೇ ನೇರವಾಗಿ, ನೆತ್ತಿಯ ಮೇಲೆ ಮಾಲೀಕನ ಹೆಸರನ್ನು ಸ್ಟೀಲ್ ಅಕ್ಷರಗಳಲ್ಲಿ ಹೊತ್ತ ಬಹುಮಹಡಿ ಕಾಂಪ್ಲೆಕ್ಸಿಗೂ ಅನ್ವಯಿಸುತ್ತದೆ. ಆದರೆ ಅದೇ ಶರಣರು ಪ್ರಾಮಾಣಿಕವಾದ ದುಡಿಮೆಯೇ ಪೂಜೆಯೆನ್ನುವ ಕಾಯಕವನ್ನೂ, ದುಡಿದದ್ದನ್ನು ಸಮಾಜಕ್ಕೆ ವಿನಯದಿಂದ ಸಲ್ಲಿಸುವ ದಾಸೋಹವನ್ನೂ ಬೋಧಿಸಿದರು. ಕಾಯಕವೇ ಪೂಜೆಯಾದರೆ ಅದು ನಡೆಯುವ ಕಚೇರಿ ಗುಡಿಗಿಂತ ಕೀಳಾಗಲಾರದು, ಅದನ್ನು ಚೆಂದಗೊಳಿಸುವುದೂ ತಪ್ಪಾಗಲಾರದು. ಚೆಲುವು ಬೇಕೇ ಬೇಡವೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿದು, ಅದು ಯಾರ ಪಾಲಿಗೆ ಒದಗಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಉದಾಹರಣೆಗೆ, ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ರೂಪಿಸಿದ, 1956ರಲ್ಲಿ ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧವು ದೇಗುಲದ ಅಂಗಗಳನ್ನು ಕಚೇರಿಗೆ ತೊಡಿಸಿ, ಸರ್ಕಾರದ ಕೆಲಸ ದೇವರ ಕೆಲಸವೆಂಬ ಮಾತನ್ನು ಹಣೆಯ ಮೇಲೆಯೇ ಬರೆಸಿಕೊಂಡಿತು. ಆ ಮಾತು ಒಳಗಿನ ಮೇಜುಗಳವರೆಗೆ ಎಷ್ಟು ತಲುಪಿತೆಂಬುದನ್ನು ಅರ್ಜಿ ಹಿಡಿದು ನಿಂತವರೇ ಹೇಳಬೇಕು.

ಈಗಿನ ವಾಣಿಜ್ಯ ಕಟ್ಟಡಗಳಲ್ಲಿ ಚೆಲುವಿನ ಹಣವೆಲ್ಲ ಎಲಿವೇಷನ್ನಿಗೆ, ಅಂದರೆ ರಸ್ತೆಗೆ ಕಾಣುವ ಮುಖಕ್ಕೆ, ಸುರಿಯುತ್ತದೆ. ಕಾಂಕ್ರೀಟಿನ ಚೌಕಟ್ಟಿಗೆ ಹೊರಗಿನಿಂದ ತಗುಲಿಸುವ ಗಾಜು ಮತ್ತು ಎಸಿಪಿ ಶೀಟು, ಅಂದರೆ ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ಕಿನಂಥ ತಿರುಳಿರುವ ಹಲಗೆ, ಕಟ್ಟಡದ ಭಾರವನ್ನು ಹೊರುವುದಿಲ್ಲ. ಪಡುವಣಕ್ಕೆ ಮುಖಮಾಡಿದ ಗಾಜಿನ ಮೂಲಕ ಒಳಹೊಕ್ಕ ಬೇಸಿಗೆಯ ಬಿಸಿಲು ನೆಲವನ್ನೂ ಮೇಜನ್ನೂ ಕಾಯಿಸುತ್ತದೆ, ಆ ಕಾವು ಅಷ್ಟೇ ಸುಲಭವಾಗಿ ಹೊರಹೋಗುವುದಿಲ್ಲ. ಹೀಗಾಗಿ ದಾವಣಗೆರೆಯ ಏಪ್ರಿಲ್‌ನಲ್ಲಿ ಒಳಗಿನವರು ಎಸಿಯ ಕೃಪೆಯಲ್ಲಿ ಬದುಕಬೇಕಾಗುತ್ತದೆ. ಇನ್ನು ವಾಸ್ತುಪುರುಷ ಮಂಡಲವೆಂಬ, 64 ಅಥವಾ 81 ಚೌಕಗಳಾಗಿ ನೆಲವನ್ನು ವಿಭಜಿಸುವ ಶಾಸ್ತ್ರೀಯ ರೇಖಾಕೃತಿಯಲ್ಲಿ ನಡುವಣ ಬ್ರಹ್ಮಸ್ಥಾನವನ್ನು ತೆರವಾಗಿಡಬೇಕೆಂಬ ನಂಬಿಕೆಯಿದೆ. ಗಾಳಿ ಮತ್ತು ಭೂಕಂಪದ ಒತ್ತಡ ತಡೆಯಲು ನಡುವೆ ಗಟ್ಟಿ ಗೋಡೆಗಳು ಬೇಕಾಗುವ ಎತ್ತರದ ಕಟ್ಟಡದಲ್ಲಾದರೋ ಲಿಫ್ಟು, ಮೆಟ್ಟಿಲು, ಶೌಚಾಲಯಗಳು ಬಂದು ಕೂರುವುದು ಅಲ್ಲಿಯೇ. ಮಾಲೀಕನ ಕುರ್ಚಿಯ ದಿಕ್ಕು ಬದಲಿಸಿ ಈ ತೊಡಕನ್ನು ಪರಿಹರಿಸುವುದು ವಾಡಿಕೆಯಾಗಿದೆ.

ಪೋಲಾಳ್ವನ ದೇಗುಲ ಇಲ್ಲಿ ಬೇರೆಯದೇ ಪಾಠ ಹೇಳುತ್ತದೆ. ಅದರ ಮಂಟಪಕ್ಕೆ ಸುತ್ತಲೂ ಇರುವುದು ತಗ್ಗು ಗೋಡೆ. ಅದರ ಮೇಲೆ ಸಾಲಾಗಿ ನಿಂತ ಅರ್ಧಗಂಬಗಳಲ್ಲಿ ಒಂದು ದುಂಡಗಿದ್ದರೆ ಮತ್ತೊಂದು ಹದಿನಾರು ಮೂಲೆಗಳ ನಕ್ಷತ್ರದಂತಿದ್ದು, ಅವುಗಳ ನಡುವಿನಿಂದ ಬೆಳಕೂ ಗಾಳಿಯೂ ತಡೆಯಿಲ್ಲದೆ ಒಳಬರುತ್ತವೆ. ಯಂತ್ರದಲ್ಲಿ ತಿರುಗಿಸಿ ಕಡೆದ ಪೂರ್ಣ ಕಂಬಗಳು ಒಳಗಿವೆ, ತಾವರೆಗಳ ಅಲಂಕಾರ ಮೇಲ್ಛಾವಣಿಯಲ್ಲಿದೆ; ಕುಶಲತೆಯ ದೊಡ್ಡ ಪಾಲು ಸಂದಿರುವುದು ಒಳಗೆ ಬಂದು ನಿಂತವರಿಗೆ. ಸ್ಥಾವರವೊಂದು ಜಂಗಮವನ್ನು ಗೌರವಿಸಬಲ್ಲ ಬಗೆಯಿದು, ಮತ್ತು ಈ ಅಂಶದಲ್ಲಿ ಪೋಲಾಳ್ವನೂ ಬಸವಣ್ಣನೂ ಜನ ಭಾವಿಸುವಷ್ಟು ದೂರವಿಲ್ಲ. ಯಂತ್ರದಲ್ಲಿ ಕಡೆದ ಅಂಥ ಕಂಬಗಳಿರುವ ಊರಿನಲ್ಲಿಯೇ 1941ರಲ್ಲಿ, ಹಾಗೆ ತಿರುಗಿಸಿ ಕಡೆಯುವ ಲೇತ್ ಯಂತ್ರಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದುದು ಕಾಕತಾಳೀಯವಾದರೂ ಸೊಗಸಾದುದು. ಆ ಕಾರ್ಖಾನೆ ಮುಚ್ಚಿದಾಗ ಹರಿಹರ ಕಳೆದುಕೊಂಡದ್ದು ಕಟ್ಟಡವನ್ನಲ್ಲ, ಕಾಯಕವನ್ನು.

ದಾಸೋಹದ ಮಾತನ್ನು ಕಟ್ಟಡಕ್ಕೆ ಅನ್ವಯಿಸಿದರೆ ಅದು ಬಹಳ ಸಣ್ಣ ಸಂಗತಿಗಳಲ್ಲಿ ತೋರುತ್ತದೆ: ಪೇಟೆಯ ಹಳೆಯ ಅಂಗಡಿಗಳ ಮುಂದಿನ ಕಟ್ಟೆಯಂತೆ, ಏನನ್ನೂ ಕೊಳ್ಳದವನೂ ಕೂರಬಹುದಾದ ಒಂದಿಷ್ಟು ನೆರಳಿನ ಜಾಗದಲ್ಲಿ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯ 20 ನಗರಗಳಲ್ಲಿ ಸೇರಿದ ದಾವಣಗೆರೆಯಲ್ಲಿ ಹೊಸ ಕಟ್ಟಡ ಕಟ್ಟಿಸುವವರು ನಕ್ಷೆಗೆ ಸಹಿ ಹಾಕುವ ಮುನ್ನ ಎಲಿವೇಷನ್ನಿನ ಬಣ್ಣದ ಚಿತ್ರವನ್ನು ಪಕ್ಕಕ್ಕಿಟ್ಟು, ಕಾವಲುಗಾರನು ಮಧ್ಯಾಹ್ನ ಎಲ್ಲಿ ಕೂರುತ್ತಾನೆ, ಕಸ ಗುಡಿಸುವವರು ಎಲ್ಲಿ ಕೂತು ಊಟ ಮಾಡುತ್ತಾರೆ ಎಂಬುದನ್ನು ಅದೇ ನಕ್ಷೆಯಲ್ಲಿ ಬೆರಳಿಟ್ಟು ತೋರಿಸುವಂತೆ ತಮ್ಮ ವಾಸ್ತುಶಿಲ್ಪಿಯನ್ನು ಕೇಳಲಿ.